ಹಳೆ ಕಟ್ಟೆಯ ಕಲ್ಲು

ಅಕ್ಕ ಅಮ್ಮಾವ್ರ ಮನೆಯಲ್ಲಿ ನಿಂತು ಅಡುಗೆ ಮಾಡುತ್ತಿದ್ದಳು, ತನ್ನ ಮನೆಯಲ್ಲಿ ಕೂತು ಮಾಡುತ್ತಿದ್ದಳು. ಕೇಳಿದವರಿಗೆ ಕೂತು ಮಾಡುವುದೇ ಸುಖ ಅನ್ನಿಸಬಹುದು. ಹಾಗಲ್ಲ. ಅವಳದು ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಹಲಗೆ, ಹಲಗೆಯ ಮೇಲೆ ಸ್ಟೌ. ಉಪ್ಪಿಗೆ ಏಳಬೇಕು, ನೀರಿಗೆ ಏಳಬೇಕು, ಮತ್ತೆ ಕುಕ್ಕರಗಾಲಲ್ಲಿ ಕೂರಬೇಕು. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಮಂಡಿ ಒಣಕಡ್ಡಿ ಮುರಿದ ಹಾಗೆ ಲಟಕ್ ಅನ್ನುತ್ತಿತ್ತು.

"ಅಮ್ಮಾ, ನಿನ್ನ ಮಂಡಿ ಮಾತಾಡ್ತು" ಎಂದು ಮಗಳು ನಗುತ್ತಿದ್ದಳು. ಮೊದಲೆಲ್ಲ ಅಕ್ಕನೂ ನಗುತ್ತಿದ್ದಳು.

ಮಳೆ ಬಂದರೆ ಹೊಸ್ತಿಲು ದಾಟಿ ನೀರು ಒಳಗೆ ಬರುತ್ತಿತ್ತು. ಆಗ ಮಗಳು ಸ್ಟೌ ಎತ್ತಿ ಮಂಚದ ಮೇಲಿಡುವಳು. ಅಕ್ಕ ನೀರು ತೋಡುವಳು. ಅನ್ನ ಅರ್ಧ ಬೆಂದಿರುತ್ತಿತ್ತು.

ಅದಕ್ಕೇ ಅವಳ ಕಣ್ಣು ಅಮ್ಮಾವ್ರ ಮನೆಯ ಅಡುಗೆಕಟ್ಟೆಯ ಮೇಲೆ. ಕರಿಕಲ್ಲಿನ ಕಟ್ಟೆ. ಅವಳ ಸೊಂಟಕ್ಕೆ ಅಳೆದು ಮಾಡಿಸಿದ ಹಾಗಿತ್ತು. ಮಗಳು ಇನ್ನೂ ನಡೆಯಲು ಕಲಿಯುವ ಮುಂಚಿನಿಂದ ಅವಳು ಆ ಕಟ್ಟೆಯ ಮುಂದೆ ನಿಂತು ಬೇಯಿಸಿದ್ದಳು. ಅಮ್ಮಾವ್ರು ಆ ಕಲ್ಲನ್ನು ಮುಟ್ಟಿದ್ದು ಕಡಿಮೆ. ಆದರೂ ಬೇಜಾರು ಬಂದದ್ದು ಅಮ್ಮಾವ್ರಿಗೇ.

"ಕರಿ ಕಲ್ಲು ನೋಡಿ ನೋಡಿ ಸಾಕಾಗಿಹೋಯ್ತು ಕಣೆ. ಅಡುಗೆಮನೆಯೋ ಗುಹೆಯೋ! ಬಿಳೀ ಕಲ್ಲು ಹಾಕಿಸ್ತಿದ್ದೀನಿ."

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಆ ಮನೆಯಲ್ಲಿ ಅವಳು ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಅವತ್ತು ಕೇಳಿದಳು.

"ಹಳೇ ಕಲ್ಲು ಏನ್ಮಾಡ್ತೀರಾ ಅಮ್ಮಾವ್ರೇ?"

ಅಮ್ಮಾವ್ರು ಮೊಬೈಲಿನಿಂದ ತಲೆ ಎತ್ತಿದರು. "ಯಾಕೆ, ನಿನಗೆ ಬೇಕಾ? ತಗೊಂಡ್ಹೋಗು. ಆದ್ರೆ ಅಡುಗೆಮನೆ ಖಾಲಿ ಮಾಡೋದೆಲ್ಲ ನೀನೇ ಮುಂದೆ ನಿಂತು ಮಾಡ್ಬೇಕು. ಮತ್ತೆ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ಎಲ್ರೂ ಕೈ ಚಾಚ್ಕೊಂಡು ಬರ್ತಾರೆ."

ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಗಂಡ ಒಬ್ಬನಿಗೆ ಹೇಳಿದಳು. ಗೋದಾಮಿನಲ್ಲಿ ಮೂಟೆ ಹೊರುವ ಗಂಡ ಎಲ್ಲಿಂದಲೋ ಹಳೆ ಇಟ್ಟಿಗೆ ಹೊತ್ತು ತಂದು ಆ ಮೂಲೆಯಲ್ಲಿ ಎರಡು ಮೋಟುಗೋಡೆ ಕಟ್ಟಿದ. ಮೇಲೆ ಕಲ್ಲು ಬಂದು ಕೂರುವುದೊಂದೇ ಬಾಕಿ. ಮಗಳು ಆ ಗೋಡೆಗಳ ನಡುವೆ ನಿಂತು, ಗಾಳಿಯಲ್ಲಿ ಬಾಣಲೆ ಹಿಡಿದ ಹಾಗೆ ಕೈಯಾಡಿಸಿ ತೋರಿಸಿದಳು. ಅವತ್ತು ಮನೆಯಲ್ಲಿ ಎಲ್ಲರೂ ನಕ್ಕರು.

ಅದೇ ಮನೆಗೆ ಗುಡಿಸಿ ಒರೆಸಿ ಪಾತ್ರೆ ತೊಳೆಯಲು ಇನ್ನೊಬ್ಬಳು ಬರುತ್ತಿದ್ದಳು. ಗುಬ್ಬಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಸಣ್ಣ ದೇಹ, ದೊಡ್ಡ ದನಿ, ನಿಂತಲ್ಲಿ ನಿಲ್ಲದ ಕಾಲು. ಅಕ್ಕನಿಗೆ ಅವಳನ್ನು ಕಂಡರೆ ಮೊದಲಿನಿಂದಲೂ ಹೊಟ್ಟೆಯುರಿ. ನೆನ್ನೆ ಮೊನ್ನೆ ಸೇರಿದವಳು, ಅಮ್ಮಾವ್ರನ್ನು ನಗಿಸುತ್ತಿದ್ದಳು. ಅಕ್ಕ ಬೇಯಿಸಿದ್ದನ್ನು ತಿಂದು ಅಮ್ಮಾವ್ರು ಏನೂ ಅನ್ನುತ್ತಿರಲಿಲ್ಲ, ಗುಬ್ಬಿ ಒಂದು ಜೋಕು ಹೊಡೆದರೆ ಸೋಫಾದಲ್ಲಿ ಹೊರಳಾಡುತ್ತಿದ್ದರು. ಹಳೆ ಮಿಕ್ಸಿ ಗುಬ್ಬಿಗೆ ಹೋಯಿತು. ಹೂವಿನ ಸೀರೆ ಗುಬ್ಬಿಗೆ ಹೋಯಿತು. ಸಂಜೆ ಅವಳ ಗಂಡ ಸ್ಕೂಟರ್ ತಂದು ಗೇಟಿನ ಹತ್ತಿರ ಕಾಯುತ್ತಿದ್ದ. ಅಕ್ಕ ನಡೆದುಕೊಂಡು ಹೋಗುವಾಗ ಆ ಸ್ಕೂಟರ್ ಪಕ್ಕದಲ್ಲೇ ಹಾದುಹೋಗುತ್ತಿತ್ತು. "ಬರ್ತೀನಿ ಅಕ್ಕಾ!" ಎಂದು ಗುಬ್ಬಿ ಕೂಗುತ್ತಿದ್ದಳು. ಆ ಕೂಗಿಗೆ ಅಕ್ಕನಿಗೆ ಇರಿದ ಹಾಗಾಗುತ್ತಿತ್ತು.

ಇರಲಿ, ಕಲ್ಲು ಮಾತ್ರ ನನ್ನದು ಎಂದುಕೊಂಡಳು ಅಕ್ಕ. ಆ ಒಂದು ವಿಷಯದಲ್ಲಿ ಅವಳಿಗಿಂತ ತಾನು ಮೇಲೆ.

ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋದ ಮೇಲೆ ಖಾಲಿ ಮಾಡುವ ಕೆಲಸ ಶುರುವಾಯಿತು. "ಕಲ್ಲು ನಿನಗೇ" ಎಂದು ಅಮ್ಮಾವ್ರು ದಿನಾ ಅಕ್ಕನ ಕಿವಿಯಲ್ಲಿ ಅನ್ನುತ್ತಿದ್ದರು. ಮಾಡಿನೋಡಿದವರಿಗೇ ಗೊತ್ತು, ಒಂದು ಅಡುಗೆಮನೆಯ ಹೊಟ್ಟೆಯೊಳಗೆ ಏನೆಲ್ಲ ಇರುತ್ತದೆ ಎಂದು. ಮೇಲಿನ ಕಪಾಟಿನ ಡಬ್ಬಗಳು, ಎಂದೂ ಬಳಸದ ಗಾಜಿನ ಬಟ್ಟಲುಗಳು, ಮುಚ್ಚಳ ಇಲ್ಲದ ಡಬ್ಬ, ಡಬ್ಬ ಇಲ್ಲದ ಮುಚ್ಚಳ. ಗಾಜನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬಬೇಕು. ಡ್ರಾಯರುಗಳನ್ನು ಎಳೆದು ಹಾಲ್‌ನಲ್ಲಿ ಜೋಡಿಸಬೇಕು. ಸಿಂಕಿನ ಕೆಳಗಿನ ಸಾಮಾನೆಲ್ಲ ತೆಗೆದು, ಪೈಪು ಬಿಚ್ಚುವವನಿಗೆ ಜಾಗ ಮಾಡಬೇಕು. ಧೂಳು ಹೋಗದ ಹಾಗೆ ಫ್ರಿಜ್ಜಿಗೆ, ಸೋಫಾಕ್ಕೆ, ಬಾಗಿಲಿಗೆ ಹಳೇ ಬೆಡ್‌ಶೀಟು ಕಟ್ಟಬೇಕು. ಇದರ ನಡುವೆ ಊಟ ನಿಲ್ಲುವ ಹಾಗಿಲ್ಲ. ಸ್ಟೌ ಬಾಲ್ಕನಿಗೆ ಹೋಯಿತು, ನೆಲಕ್ಕೆ. ಅಮ್ಮಾವ್ರ ಮನೆಯಲ್ಲೂ ಅಕ್ಕ ಕುಕ್ಕರಗಾಲಲ್ಲಿ ಕೂತಳು.

ವಿಚಿತ್ರ ಏನೆಂದರೆ, ಯಾರೂ ಹೇಳದಿದ್ದರೂ ಗುಬ್ಬಿ ಮೈಮೇಲೆ ಬಂದವಳ ಹಾಗೆ ದುಡಿಯುತ್ತಿದ್ದಳು. ಅಕ್ಕ ಒಂದು ಪೆಟ್ಟಿಗೆ ಎತ್ತಿದರೆ ಅವಳು ಇನ್ನೂ ದೊಡ್ಡದನ್ನು ಎತ್ತುವಳು. ಅಕ್ಕ ಬೇಗ ಬಂದರೆ ಅವಳು ಅದಕ್ಕಿಂತ ಬೇಗ ಬಂದಿರುವಳು. ಇವಳಿಗೇನು ಹುಚ್ಚೇ ಎಂದು ಅಕ್ಕನಿಗೆ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಅರ್ಥವಾಯಿತು. ಬಾಲ್ಕನಿಯಿಂದ ಅನ್ನದ ಪಾತ್ರೆ ಹಿಡಿದು ಒಳಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕಟ್ಟೆಯ ಮೇಲೆ ಗುಬ್ಬಿ ಬಗ್ಗಿದ್ದಳು. ಹೆಬ್ಬೆರಳು ಕಿರುಬೆರಳು ಅಗಲಿಸಿ ಕಲ್ಲನ್ನು ಗೇಣು ಹಾಕಿ ಅಳೆಯುತ್ತಿದ್ದಳು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಅಕ್ಕನೂ ಯಾರೂ ಇಲ್ಲದಾಗ ಹಾಗೇ ಅಳೆದಿದ್ದಳು.

 ಅಕ್ಕನಿಗೆ ಉರಿದುಹೋಯಿತು. ಮಿಕ್ಸಿ ನುಂಗಿದಳು, ಸೀರೆ ನುಂಗಿದಳು, ಈಗ ನನ್ನ ಕಲ್ಲಿಗೂ ಬಾಯಿ ಹಾಕಿದಳು.

"ಏನೇ ಅದು?"

ಗುಬ್ಬಿ ಬೆಚ್ಚಿ ಕೈ ಎಳೆದುಕೊಂಡಳು. "ಏನಿಲ್ಲ ಅಕ್ಕಾ. ಒರೆಸ್ತಿದ್ದೆ."

"ಬಟ್ಟೆ ಎಲ್ಲಿ?"

ಗುಬ್ಬಿ ನಕ್ಕಳು. ಯಾವತ್ತಿನ ನಗುವಲ್ಲ.

ಆವತ್ತಿನಿಂದ ಅಕ್ಕನಿಗೆ ಗುಬ್ಬಿಯ ಉಸಿರು ಕೇಳಿದರೂ ಮೈ ಉರಿಯುತ್ತಿತ್ತು. ಅಮ್ಮಾವ್ರ ಹತ್ತಿರ ಹೋಗಿ, "ಅವಳಿಗೆ ಗಾಜಿನ ಸಾಮಾನು ಕೊಡ್ಬೇಡಿ ಅಮ್ಮಾವ್ರೇ. ಕೈಯಲ್ಲಿ ನಿಗಾ ಇಲ್ಲ" ಎಂದು ಚಾಡಿ ಹೇಳಿದಳು. ಅಮ್ಮಾವ್ರು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ನಕ್ಕರು.

"ಅವಳೂ ಬಂದು ನಿನ್ನ ಮೇಲೆ ಹೇಳ್ತಾಳೆ. ಇರ್ಲಿ, ಯಾರು ಚೆನ್ನಾಗಿ ಮಾಡ್ತಾರೋ ನೋಡೋಣ."

ಇಬ್ಬರೂ ಇನ್ನಷ್ಟು ಚೆನ್ನಾಗಿ ಮಾಡಿದರು. ಒಬ್ಬಳು ಕಪಾಟು ಒರೆಸಿದರೆ ಇನ್ನೊಬ್ಬಳು ಅದರ ಹಿಂದಿನ ಗೋಡೆ ಉಜ್ಜಿದಳು. ಹೊರಗಿನಿಂದ ಆಳು ಕರೆಸಬೇಕಾದ ಕೆಲಸವೆಲ್ಲ ಇವರಿಬ್ಬರ ಪೈಪೋಟಿಯಲ್ಲಿ ಬಿಟ್ಟಿಯಾಗಿ ಮುಗಿಯಿತು.

ಕಡೆಗೆ ಅಟ್ಟದ ಸಾಮಾನು ಉಳಿಯಿತು. ಗುಬ್ಬಿ ಸ್ಟೂಲು ಹತ್ತಿದಳು. ಅಕ್ಕ ಕೆಳಗೆ ಸ್ಟೂಲು ಹಿಡಿದು ನಿಂತಳು. ಗುಬ್ಬಿ ಹಿಟ್ಟಿನ ದೊಡ್ಡ ಡಬ್ಬ ಎದೆಗೆ ಅವುಚಿಕೊಂಡು ತಿರುಗಿದಳು. ಮೈಮೇಲೆ ಅದೇ ಹೂವಿನ ಸೀರೆ. ಅದರ ಅಂಚು ಅಕ್ಕನ ಮುಖಕ್ಕೆ ತಾಗಿತು. ಅಕ್ಕ ಯೋಚನೆ ಮಾಡಲಿಲ್ಲ. ಕೈ ಬಿಟ್ಟಳು.

ಸ್ಟೂಲು ವಾಲಿತು. ಡಬ್ಬ, ಹಿಟ್ಟು, ಗುಬ್ಬಿ, ಎಲ್ಲ ನೆಲಕ್ಕೆ. ಹಿಟ್ಟಿನ ಮೋಡ ಇಳಿದಾಗ ಗುಬ್ಬಿ ಕಾಲು ಹಿಡಿದುಕೊಂಡು ಕೂತಿದ್ದಳು. ತಲೆಯಿಂದ ಕಾಲಿನವರೆಗೂ ಬೆಳ್ಳಗೆ. ಅಮ್ಮಾವ್ರು ಓಡಿಬಂದು, "ಅಯ್ಯೋ, ನನ್ನ ಹಿಟ್ಟು!" ಎಂದರು.

"ನನ್ನದೇ ತಪ್ಪು ಅಮ್ಮಾವ್ರೇ, ಕಾಲು ಜಾರ್ತು" ಎಂದಳು ಗುಬ್ಬಿ. ಅಕ್ಕನ ಕಡೆ ನೋಡಲಿಲ್ಲ.

ಮಾರನೇ ದಿನ ಅವಳು ಬರಲಾರಳು ಎಂದು ಅಕ್ಕ ಅಂದುಕೊಂಡಿದ್ದಳು. ಬಂದಳು. ಕಾಲಿಗೆ ಬಟ್ಟೆ ಸುತ್ತಿಕೊಂಡು, ಕುಂಟಿಕೊಂಡು. ಕಲ್ಲಿನ ಮೇಸ್ತ್ರಿ ಬರುವ ದಿನ ಅದು. ಬರದಿದ್ದರೆ ಕಲ್ಲು ಕೈತಪ್ಪುತ್ತದಲ್ಲ.

ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದ. ಖಾಲಿ ಅಡುಗೆಮನೆಯನ್ನು ಒಮ್ಮೆ ಸುತ್ತುಹಾಕಿ, "ಇಷ್ಟು ನೀಟಾಗಿ ಯಾರೂ ಮಾಡಿಟ್ಟಿರಲ್ಲ" ಎಂದ. ಅಕ್ಕ ಒಂದು ಗೋಡೆಗೆ ಒರಗಿ ನಿಂತಳು, ಗುಬ್ಬಿ ಎದುರು ಗೋಡೆಗೆ. ಇಬ್ಬರ ಕಣ್ಣೂ ಕಲ್ಲಿನ ಮೇಲೆ. ಅಕ್ಕನ ಗಂಡ ಕೈಗಾಡಿ ಬೇಡಿ ತಂದು ಕೆಳಗೆ ಕಾಯುತ್ತಿದ್ದ. ಅದರ ಪಕ್ಕದಲ್ಲೇ ಗುಬ್ಬಿಯ ಗಂಡನೂ ಒಂದು ಗಾಡಿ ತಂದು ನಿಲ್ಲಿಸಿದ್ದು ಅಕ್ಕನಿಗೆ ಗೊತ್ತಿರಲಿಲ್ಲ.

ಮೇಸ್ತ್ರಿ ಬ್ಯಾಗಿನಿಂದ ದೊಡ್ಡ ಸುತ್ತಿಗೆ ತೆಗೆದ.

"ಸುತ್ತಿಗೆ ಯಾಕಣ್ಣಾ?" ಅಕ್ಕನ ದನಿ ತಾನಾಗಿ ಹೊರಬಂತು.

ಅವನು ಉತ್ತರಿಸುವ ಮೊದಲೇ ಸುತ್ತಿಗೆ ಬಿತ್ತು. ಕಟ್ಟೆ ಒಮ್ಮೆ ಗುಡುಗಿತು. ಎರಡನೇ ಏಟಿಗೆ ನಡುಮಧ್ಯೆ ಸೀಳಿತು.

"ಅಯ್ಯಯ್ಯೋ, ಒಡೀಬೇಡಿ!"

"ಅಯ್ಯೋ ಕಲ್ಲು! ನನ್ನ ಕಲ್ಲು!"

ಕೂಗಿದ್ದು ಇಬ್ಬರೂ. ಮೇಸ್ತ್ರಿ ಗಾಬರಿಯಾಗಿ ಕೈ ನಿಲ್ಲಿಸಿದ.

"ಇದು ಇಡಿಯಾಗಿ ಬರಲ್ಲಮ್ಮಾ. ಗೋಡೆಯೊಳಗೆ ಸೇರಿಸಿ ಸಿಮೆಂಟು ಹಾಕಿದ್ದಾರೆ. ಒಡೆದೇ ತೆಗೀಬೇಕು." ಬಾಗಿಲಲ್ಲಿ ನಿಂತಿದ್ದ ಅಮ್ಮಾವ್ರ ಕಡೆ ತಿರುಗಿದ. "ಅಳತೆಗೆ ಬಂದಾಗಲೇ ನಿಮಗೆ ಹೇಳಿದ್ದೆನಲ್ಲ ಮೇಡಂ?"

ಅಮ್ಮಾವ್ರು ಮೂಗಿಗೆ ಕರ್ಚೀಫು ಹಿಡಿದಿದ್ದರು. "ಹ್ಞಾಂ, ಹೇಳಿದ್ರಿ ಹೇಳಿದ್ರಿ. ನೀವು ಕೆಲಸ ಮಾಡಿ."

ನಿಜ ಹೇಳಬೇಕೆಂದರೆ, ಅಕ್ಕನಿಗೆ ಮೊದಲು ಆದದ್ದು ಸಂತೋಷ. ಗುಬ್ಬಿಗೂ ಸಿಗಲಿಲ್ಲ! ಅವಳ ಮುಖ ನೋಡಲು ತಿರುಗಿದಳು. ಗುಬ್ಬಿ ಊದಿದ ಕಾಲನ್ನು ನೆಲಕ್ಕೆ ಊರಲಾರದೆ ಗೋಡೆಗೆ ಒತ್ತಿಕೊಂಡು ಅಳುತ್ತಿದ್ದಳು. ಅಷ್ಟು ದೊಡ್ಡ ದನಿಯವಳು ಸದ್ದೇ ಇಲ್ಲದೆ ಅಳುತ್ತಿದ್ದಳು. ಅಕ್ಕ ಚೂರುಗಳನ್ನು ದಾಟಿ ಅವಳ ಪಕ್ಕಕ್ಕೆ ಹೋದಳು.

"ನಿನಗೂ ಕೊಡ್ತೀನಿ ಅಂದಿದ್ರಾ?" ಅಕ್ಕ ಮೆಲ್ಲಗೆ ಕೇಳಿದಳು.

"ಹ್ಞೂಂ. ಯಾರಿಗೂ ಹೇಳ್ಬೇಡ ಅಂದಿದ್ರು. ಅತ್ತೆಗೆ ನೆಲದ ಮೇಲೆ ಕೂರೋಕಾಗಲ್ಲ ಅಕ್ಕಾ. ನನ್ನ ಗಂಡ ಇಟ್ಟಿಗೆ ಕಟ್ಟಿ ಕಾಯ್ತಿದ್ದಾರೆ."

"ಸ್ಟೂಲು ನಾನೇ ಬಿಟ್ಟಿದ್ದು ಕಣೇ."

"ಗೊತ್ತು." ಗುಬ್ಬಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನೂ ಸುಮ್ನಿರ್ಲಿಲ್ಲ. ಆ ಮುದುಕಿಗೆ ಮಂಡಿ ಹೋಗಿದೆ, ಬೇರೆ ಅಡುಗೆಯವಳನ್ನ ನೋಡ್ಕೊಳ್ಳಿ ಅಂತ ಅಮ್ಮಾವ್ರ ಕಿವೀಲಿ ಊದಿದ್ದೆ."

"ಮುದುಕಿ ಅಂದ್ಯಾ?"

"ಅಂದೆ."

ಅಳುತ್ತಿದ್ದವಳ ಮುಖ ನೋಡಿ ಅಕ್ಕನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಕಟ್ಟೆ ಪೂರ್ತಿ ನೆಲಕ್ಕಿಳಿದಿತ್ತು. ಚೂರು, ಜಲ್ಲಿ, ಪುಡಿ. ಅಮ್ಮಾವ್ರು ಕಾಲು ಎತ್ತಿ ಎತ್ತಿ ಇಡುತ್ತಾ ಬಂದರು.

"ಯಾಕೆ ಹಾಗೆ ಕಲ್ಲಿನ ಹಾಗೆ ನಿಂತಿದ್ದೀರ? ಒಡೆದುಹೋಯ್ತು, ನಾನೇನು ಮಾಡ್ಲಿ? ಬೇಕಾದ್ರೆ ಚೂರು ತಗೊಳ್ಳಿ, ಇಬ್ರೂ ಹಂಚ್ಕೊಳ್ಳಿ. ಮೊದ್ಲು ಇದನ್ನೆಲ್ಲ ತುಂಬಿ ಕೆಳಗೆ ಸಾಗ್ಸಿ. ಲಿಫ್ಟಲ್ಲಿ ಬಿಡಲ್ಲ, ಮೆಟ್ಟಲಲ್ಲೇ ಹೋಗಿ. ಸಂಜೆ ಹೊಸ ಕಲ್ಲು ಕೂರುತ್ತೆ, ನಾಳೆ ಸಾಮಾನೆಲ್ಲ ವಾಪಸ್ ಜೋಡಿಸ್ಬೇಕು. ನಾಡಿದ್ದು ನನ್ನ ಫ್ರೆಂಡ್ಸು ನೋಡೋಕೆ ಬರ್ತಾರೆ."

ಗುಬ್ಬಿ ಅಭ್ಯಾಸಬಲದಿಂದ ಚೂರು ತುಂಬುವ ಬಾಂಡ್ಲಿಗೆ ಬಗ್ಗಿದಳು. ಅಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಒಡೆಯೋದು ಗೊತ್ತಿತ್ತಲ್ಲ ಅಮ್ಮಾವ್ರೇ?"

"ಏನು?"

"ಅಳತೆಗೆ ಬಂದಾಗಲೇ ಗೊತ್ತಿತ್ತು. ಆಮೇಲೂ ದಿನಾ ನಿನಗೇ ಕೊಡ್ತೀನಿ ಅಂದ್ರಿ. ಇವಳಿಗೂ ಅಂದ್ರಿ. ನಾವಿಬ್ರೂ ಒಬ್ಬರ ಮೇಲೊಬ್ಬರು ಹಲ್ಲು ಕಡೀತಾ ನಿಮ್ಮನೆ ಖಾಲಿ ಮಾಡಿಕೊಟ್ವಿ."

"ಒಂದು ಹಳೇ ಕಲ್ಲಿಗೆ ಇಷ್ಟೊಂದು ಮಾತಾ? ನಿನ್ನ ಬಾಯಿ ಯಾವಾಗಿಂದ ಇಷ್ಟು ಉದ್ದ ಆಯ್ತು?"

"ಈಗಿಂದ" ಎಂದಳು ಅಕ್ಕ. "ನಡಿಯೇ."

"ಹೋಗಿ, ಹೋಗಿ! ನಾಳೆ ನಿಮ್ಮಂಥವರು ಬಾಗಿಲು ತುಂಬಾ ಬರ್ತಾರೆ!"

ಮೇಸ್ತ್ರಿಯ ಆಳುಗಳು ಬಾಯಿ ತೆರೆದು ನೋಡುತ್ತಿದ್ದರು. ಅಕ್ಕ ಗುಬ್ಬಿಯ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಇಳಿದಳು. ಒಬ್ಬಳಿಗೆ ಮಂಡಿ, ಒಬ್ಬಳಿಗೆ ಪಾದ. ಪ್ರತಿ ಮೆಟ್ಟಿಲಿಗೂ ಇಬ್ಬರಲ್ಲಿ ಒಬ್ಬರು "ಅಮ್ಮಾ" ಅನ್ನುತ್ತಿದ್ದರು.

ಕೆಳಗೆ ಕಾಯುತ್ತಿದ್ದ ಗಂಡಂದಿರು ಖಾಲಿ ಗಾಡಿಗಳನ್ನು ಹಿಂದಕ್ಕೆ ತಿರುಗಿಸಿದರು. ಕಟ್ಟಡದ ಹಿಂದೆ ಒಂದು ನಲ್ಲಿ ಇತ್ತು. ಕೆಲಸದ ಹೆಂಗಸರು ಮನೆಗೆ ಹೋಗುವ ಮುಂಚೆ ಅಲ್ಲಿ ಕೈಕಾಲು ತೊಳೆಯುತ್ತಿದ್ದರು. ಧೂಳು ಮೆತ್ತಿಕೊಂಡು ಬಂದ ಇವರಿಬ್ಬರನ್ನು ನೋಡಿ ಎಲ್ಲರೂ ಸುತ್ತುಗಟ್ಟಿದರು. "ಏನಾಯ್ತೇ? ನೀವಿಬ್ರು ಒಟ್ಟಿಗೆ?" ಗುಬ್ಬಿ ಹೇಳಿದಳು. ಅಕ್ಕ ನಡುನಡುವೆ ಸೇರಿಸಿದಳು. ಯಾರೂ ನಗಲಿಲ್ಲ.

ಮೇಲಿನ ಮಹಡಿಯ ಮನೆಯಲ್ಲಿ ಮಗು ನೋಡಿಕೊಳ್ಳುವವಳು ಪಾದ ಉಜ್ಜುತ್ತಾ ತನ್ನಷ್ಟಕ್ಕೇ ಅನ್ನುವ ಹಾಗೆ ಅಂದಳು: "ನಮ್ಮನೆಯವರು ಹಾಗಲ್ಲಪ್ಪ. ಹಳೇ ಹೊಲಿಗೆ ಮಷಿನ್ ನನಗೇ ಅಂತ ಹೇಳಿದ್ದಾರೆ. ಅದಕ್ಕೇ ಭಾನುವಾರಾನೂ ಬರ್ತಿದ್ದೀನಿ."

ನಲ್ಲಿಯ ಆಚೆಬದಿಯಲ್ಲಿ ಅದೇ ಮನೆಯ ಬಟ್ಟೆ ಒಗೆಯುವವಳು ಸರಕ್ಕನೆ ತಲೆ ಎತ್ತಿದಳು.

"ಏನಂದೆ? ಆ ಮಷಿನ್ ನನಗೆ ಕೊಡ್ತೀನಿ ಅಂದಿದ್ದು!"

"ನಿನಗೆ ಯಾಕೆ ಕೊಡ್ತಾರೆ? ನಾನು ಮಗುವಿನ ಹೇಲು ಉಚ್ಚೆ ಬಾಚ್ತಿದ್ದೀನಿ!"

"ನಾನು ಅವರ ಬೆಡ್‌ಶೀಟು ಒಗೀತಿದ್ದೀನಿ!"

ಇಬ್ಬರ ಕಣ್ಣೂ ಕೆಂಡವಾದವು. ಆ ನೋಟ ಅಕ್ಕನಿಗೆ ಗೊತ್ತಿತ್ತು. ಅದರ ಉರಿ ಅವಳ ಹೊಟ್ಟೆಯಲ್ಲಿ ಇನ್ನೂ ಪೂರ್ತಿ ಆರಿರಲಿಲ್ಲ. ಅವಳು ಎದ್ದು ಇಬ್ಬರ ನಡುವೆ ನಿಂತಳು.

"ಒಬ್ಬರನ್ನೊಬ್ಬರು ಯಾಕ್ರೇ ನೋಡ್ತೀರಿ?" ಎಂದಳು. "ಮೇಲೆ ನೋಡಿ."

ಎಲ್ಲರ ತಲೆಗಳೂ ಮೇಲೆದ್ದವು. ಆ ಮನೆಯ ಬಾಲ್ಕನಿಯಲ್ಲಿ ಒಗೆದ ಬೆಡ್‌ಶೀಟು ಗಾಳಿಗೆ ಹಾರುತ್ತಿತ್ತು.  ಯಾರೋ ನಲ್ಲಿ ನಿಲ್ಲಿಸಿದರು.

"ಈಗಲೇ ಕೇಳೋಣವಾ?" ಎಂದಳು ಮಗು ನೋಡುವವಳು.

"ನಾವಿಬ್ರೇನಾ?" ಎಂದಳು ಬಟ್ಟೆ ಒಗೆಯುವವಳು.

"ಎಲ್ರೂ" ಎಂದಳು ಗುಬ್ಬಿ. ಆಗಲೇ ಕುಂಟುತ್ತಾ ಮೆಟ್ಟಿಲ ಕಡೆ ಹೊರಟಿದ್ದಳು.

ಹೆಂಗಸರ ಸಾಲು ಹತ್ತತೊಡಗಿತು. ಒದ್ದೆ ಕಾಲುಗಳ ಗುರುತು ಮೆಟ್ಟಿಲುದ್ದಕ್ಕೂ ಮೂಡಿತು. ಮೇಲಿನ ಮಹಡಿಯ ಬಾಗಿಲ ಮುಂದೆ ಎಲ್ಲರೂ ಏದುಸಿರು ಬಿಡುತ್ತಾ ನಿಂತರು. ಬೆಲ್ಲು ಒತ್ತಲು ಯಾರಿಗೂ ಕೈ ಬರಲಿಲ್ಲ. ಅಕ್ಕ ಮುಂದೆ ಬಂದಳು. ಬೆರಳನ್ನು ಬೆಲ್ಲಿನ ಮೇಲಿಟ್ಟಳು. ಬಾಗಿಲು ತೆರೆಯುವವರೆಗೂ ತೆಗೆಯಲಿಲ್ಲ.