ತಾರೀಖಪ್ಪ ಸುಡದ ಚೀಟಿಗಳು

ಆರೋಗ್ಯಾಧಿಕಾರಿಗಳು ಬೀರುವಿನ ಕೆಳಗಿನ ಖಾನೆ ಎಳೆದಾಗ ಅದರ ಹಿಡಿ ಕಳಚಿ ಅವರ ಕೈಗೇ ಬಂತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಕ್ಷಣ ನಿಂತರು. ಆಮೇಲೆ ಬೀರುವಿನ ಮೇಲಿಟ್ಟು, ಮಂಡಿಯೂರಿ ಕೂತು, ಬೆರಳ ತುದಿಯಿಂದ ಖಾನೆಯನ್ನು ಮೀಟಿ ತೆಗೆದರು. ಒಳಗೆ ಒಂದು ಹಳೆಯ ಸ್ವೆಟರು, ಕರೆಂಟು ಬಿಲ್ಲುಗಳ ಕಟ್ಟು, ಒಂದು ಕಾಲು ಮುರಿದ ಕನ್ನಡಕ.

"ಇನ್ನೆಲ್ಲಾದ್ರೂ ಏನಾದ್ರೂ ಇಟ್ಟಿದ್ರೇನಮ್ಮ?" ಎಂದು ತಿರುಗದೆಯೇ ಕೇಳಿದರು.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅವಳು ಇಲ್ಲವೆಂದು ತಲೆಯಾಡಿಸಿದಳು. ಅದು ಅವರಿಗೆ ಕಾಣಲಿಲ್ಲವೆಂದು ಆಮೇಲೆ ಹೊಳೆಯಿತು. ಅವಳ ಬೆನ್ನ ಹಿಂದೆ, ನಡುಮನೆಯ ಮಂಚದ ಮೇಲೆ, ಅವಳ ಗಂಡ ಮಲಗಿದ್ದ. ಹಿಂದಿನ ಸಂಜೆ ಚಹಾ ಕುಡಿಯುತ್ತ ಕೂತಿದ್ದವನು ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು, ಪಕ್ಕಕ್ಕೆ ವಾಲಿದವನು ಮತ್ತೆ ಏಳಲಿಲ್ಲ. ಹನ್ನೆರಡು ಗಂಟೆಗೆ ಮಣ್ಣು. ನೆಂಟರು ಇನ್ನೂ ದಾರಿಯಲ್ಲಿದ್ದರು. ಎಲ್ಲರಿಗಿಂತ ಮೊದಲು ಬಂದದ್ದು ನಗರಸಭೆಯ ಕಾರು.

ಅಧಿಕಾರಿಗಳು ಎದ್ದು ಮಂಡಿಯ ಧೂಳು ಕೊಡವಿಕೊಂಡರು. ಕೋಣೆಯಲ್ಲಿ ಉಳಿದದ್ದು ಅವಳ ಹೊಲಿಗೆ ಮೆಷಿನ್ನು, ಅದರ ಪಕ್ಕದಲ್ಲಿ ಕತ್ತರಿಸಿಟ್ಟಿದ್ದ ಶಾಲಾ ಸಮವಸ್ತ್ರದ ನೀಲಿ ಬಟ್ಟೆಯ ರಾಶಿ. ಅವರು ಮೇಲಿನ ಎರಡು ತುಂಡು ಎತ್ತಿದರು. ಅವಳು ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಬಟ್ಟೆಗೆ ಚುಚ್ಚಿದ್ದ ಗುಂಡುಪಿನ್ನು ಬೆರಳಿಗೆ ತಾಗಿ, ಅವರು ಕೈ ಹಿಂದಕ್ಕೆಳೆದುಕೊಂಡು ಬೆರಳು ಚೀಪಿದರು. ರಾಶಿಯ ಅಡಿಗೆ ಕೈ ಹೋಗಲಿಲ್ಲ.

"ನೋಡಿಮ್ಮ, ಮುಂದಿನ ವಾರ ವಿಚಾರಣೆ ಶುರುವಾಗುತ್ತೆ. ಕಚೇರಿ ಕಾಗದ ಮನೇಲಿ ಸಿಕ್ಕಿದ್ರೆ ಹೋದವರ ಹೆಸರೇ ಕೆಡೋದು," ಎಂದರು. "ನಿಮ್ಮ ಮಗನ ಕೆಲಸ ಕಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ. ಬುಧವಾರ ಸಹಿ ಹಾಕೋಣ ಅಂತಿದ್ದೆ. ಏನಾದ್ರೂ ನೆನಪಾದ್ರೆ ಹೇಳಿ. ನಾನು ಕಾರಲ್ಲೇ ಇರ್ತೀನಿ."

ಅವರು ಒಂದು ಮಾತನ್ನೂ ಗಟ್ಟಿಯಾಗಿ ಆಡಲಿಲ್ಲ. ಗದರಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

*

ಅವಳ ಗಂಡ ನಗರಸಭೆಯ ಜನನ ಮರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ. ಊರಿಗೆಲ್ಲ ಅವನು ತಾರೀಖಪ್ಪ. ಯಾರ ಅಜ್ಜ ಎಂದು ಸತ್ತ, ಯಾರ ಮಗಳು ಎಂದು ಹುಟ್ಟಿದಳು ಎಂದು ಕೇಳಿದರೆ ವಾರದ ಸಮೇತ ಹೇಳುತ್ತಿದ್ದ. ವಯಸ್ಸು ಕಡಿಮೆ ಹೇಳಿಕೊಳ್ಳುವವರು ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆಂದು ಬೀದಿಯಲ್ಲಿ ತಮಾಷೆಯಿತ್ತು. ತನ್ನ ಮದುವೆಯ ತಾರೀಖನ್ನು ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದ. ಹೆಂಡತಿ ಮುಖ ಊದಿಸಿಕೊಂಡರೆ, ಮದುವೆ ನನ್ನ ವಿಭಾಗಕ್ಕೆ ಬರೋದಿಲ್ಲವಲ್ಲ ಎನ್ನುತ್ತಿದ್ದ.

ಹುಟ್ಟಾ ಅಂಜುಬುರುಕ. ಮಲಗುವ ಮೊದಲು ಚಿಲಕವನ್ನು ಮೂರು ಸಲ ಎಳೆದು ನೋಡುವವನು. ಮೇಲಿನವರು ಕರೆದರೆ ಮೇಜಿನಡಿ ಬಿಟ್ಟ ಚಪ್ಪಲಿಯನ್ನೂ ಮರೆತು ಬರಿಗಾಲಲ್ಲಿ ಓಡುವವನು. ಅವಳಿಗೆ ಅದು ನಗುವ ವಿಷಯವಾಗಿತ್ತು, ಎರಡು ವರ್ಷದ ಹಿಂದಿನ ಬೇಸಿಗೆಯವರೆಗೆ.

ಆ ಬೇಸಿಗೆಯಲ್ಲಿ ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ ಗೊತ್ತಾಗಿತ್ತು. ಅವರಿದ್ದ ಕೆಳಬೀದಿಗೆ ಹೊಸ ಕೊಳವೆಯನ್ನು ಚರಂಡಿಯ ಪಕ್ಕದಲ್ಲೇ ಅವಸರವಸರವಾಗಿ ಹೂತಿದ್ದರು. ಪರೀಕ್ಷೆ ಮಾಡಿ ನೀರು ಬಿಡೋಣವೆಂದು ಕಿರಿಯ ಎಂಜಿನಿಯರೊಬ್ಬ ಬರೆದು ಕೊಟ್ಟಿದ್ದನಂತೆ. ದಿನ ಮುಂದಕ್ಕೆ ಹೋಗುತ್ತದೆಂದು ಮೇಲಿನವರು ಒಪ್ಪಲಿಲ್ಲ. ನೀರು ಬಿಟ್ಟ ಮೂರನೆಯ ದಿನ ಗಂಡ ಕಚೇರಿಯಿಂದ ಬೇಗ ಬಂದ. ಅಡುಗೆಮನೆಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ತಾನೇ ಒಲೆಯ ಮೇಲಿಟ್ಟ.

"ಇವತ್ತಿಂದ ಕುದಿಸಿದ ನೀರೇ ಕುಡೀಬೇಕು. ಯಾಕೆ ಅಂತ ಕೇಳಬೇಡ. ಯಾರಿಗೂ ಹೇಳಲೂ ಬೇಡ."

ಅವನ ಮುಖ ನೋಡಿ ಅವಳು ಕೇಳಲಿಲ್ಲ. ಹೇಳಲೂ ಇಲ್ಲ. ಕುದಿಸಿದಳು, ಆರಿಸಿದಳು, ಮಡಕೆಗೆ ತುಂಬಿದಳು. ಪಕ್ಕದ ಮನೆಯ ಇಸ್ತ್ರಿಯವಳ ಮಗಳಿಗೆ ಆಗ ಆರು ವರ್ಷ. ಬಾಯಿ ಬಿಟ್ಟರೆ ನಿಲ್ಲಿಸದ ಆ ಹುಡುಗಿಯನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ದಿನಾ ಬಂದು ಹೊಲಿಗೆ ಮೆಷಿನ್ನಿನ ಕೆಳಗೆ ಕೂತು ಚಿಂದಿ ಆರಿಸುತ್ತಿದ್ದವಳು ಒಂದು ಮಂಗಳವಾರ ಬರಲಿಲ್ಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ.

*

"ಅಮ್ಮ, ಸಾಹೇಬ್ರು ಕಾರಲ್ಲೇ ಕೂತಿದ್ದಾರೆ, ಹೋಗೋದೇ ಇಲ್ಲ ಅಂತಿದ್ದಾರೆ," ಎಂದ ಮಗ. ಅವನು ನಗರಸಭೆಯ ಶವವಾಹನದ ಡ್ರೈವರು. ಏಳು ವರ್ಷವಾದರೂ ಕಾಯಂ ಆಗಿರಲಿಲ್ಲ. ಬದಲಿ ಡ್ರೈವರು ಸಿಗದೆ, ಅಪ್ಪನಿಗಾಗಿ ತಾನೇ ವಾಹನ ತಂದು ಬಾಗಿಲಿಗೆ ನಿಲ್ಲಿಸಿದ್ದ. "ಅವರು ಕೇಳ್ತಿರೋದು ಏನು ಅಂತ ನಂಗೆ ಗೊತ್ತಿಲ್ಲ. ನಿನ್ನ ಹತ್ರ ಇದ್ರೆ ಕೊಟ್ಬಿಡು. ನಮಗ್ಯಾಕೆ?"

ಅಪ್ಪನ ಅಂಗಿ ಬದಲಾಯಿಸಬೇಕು, ಒಂದು ಗಳಿಗೆ ಹೊರಗಿರು ಎಂದಷ್ಟೇ ಹೇಳಿ ಅವಳು ಬಾಗಿಲು ಹಾಕಿಕೊಂಡಳು. ನೀಲಿ ಬಟ್ಟೆಯ ಅಡಿಯಿಂದ ನೋಟುಪುಸ್ತಕ ತೆಗೆದಳು. ಚೀಟಿಗಳನ್ನು ಅಂಟಿಸಿದ್ದರಿಂದ ಅದು ದಪ್ಪಗೆ ಊದಿಕೊಂಡಿತ್ತು. ಕಳೆದ ತಿಂಗಳು, ಆ ಬೇಸಿಗೆಯ ಸಾವುಗಳ ಬಗ್ಗೆ ವಿಚಾರಣೆಯ ಸುದ್ದಿ ಬಂದ ಭಾನುವಾರ, ಗಂಡ ಅದನ್ನು ಅವಳ ಮುಂದೆ ಬಿಚ್ಚಿಟ್ಟಿದ್ದ. ಒಟ್ಟು ನಲವತ್ತಮೂರು ಚೀಟಿ. ಆ ಬೇಸಿಗೆಯಲ್ಲಿ ಸತ್ತ ಒಬ್ಬೊಬ್ಬರಿಗೂ ಡಾಕ್ಟರು ಕೈಯಾರೆ ಬರೆದು ಕಳಿಸಿದ ಸಾವಿನ ಕಾರಣ. ಎದುರು ಪುಟದಲ್ಲಿ, ಮೇಲಿನವರು ಹೇಳಿದಂತೆ ರಿಜಿಸ್ಟರಿನಲ್ಲಿ ತಾನು ಏನೆಂದು ಬರೆದೆ ಎಂಬುದನ್ನು ಅವನೇ ಗುಂಡಗಿನ ಅಕ್ಷರದಲ್ಲಿ ಬರೆದಿದ್ದ. ವೃದ್ಧಾಪ್ಯ. ಹೃದಯಾಘಾತ. ನ್ಯುಮೋನಿಯಾ. ಚೀಟಿಗಳನ್ನು ಸುಟ್ಟುಬಿಡು ಎಂದು ಸಾಹೇಬರು ಹೇಳಿದ್ದರು. ಅವನು ಹಳೆಯ ಫಾರಮುಗಳನ್ನು ಸುಟ್ಟು, ಬೂದಿ ತೋರಿಸಿದ್ದ.

"ಸುಡೋಕೂ ಕೈ ಬರಲಿಲ್ಲ, ಯಾರಿಗಾದ್ರೂ ಕೊಡೋಕೂ ಧೈರ್ಯ ಬರಲಿಲ್ಲ," ಎಂದಿದ್ದ. "ನಾನು ಹೋದ್ರೆ ಇದನ್ನ ನನ್ನ ಜೊತೆಗೇ ಕಳಿಸಿಬಿಡು. ನಿಮಗೆ ತೊಂದರೆ ಬೇಡ."

ಅವಳು ಅವನ ಅಂಗಿಯ ಗುಂಡಿ ಬಿಚ್ಚಿ, ಪುಸ್ತಕವನ್ನು ತಣ್ಣನೆಯ ಎದೆಯ ಮೇಲಿಟ್ಟು, ಮತ್ತೆ ಗುಂಡಿ ಹಾಕಿ, ಕುತ್ತಿಗೆಯವರೆಗೆ ಬಿಳಿ ಹೊದಿಕೆ ಎಳೆದಳು. ಇನ್ನೆರಡು ತಾಸು. ಆಮೇಲೆ ಮಣ್ಣು, ಆಮೇಲೆ ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಜನ ಬರತೊಡಗಿದರು. ನೆಂಟರಿಗಿಂತ ಕೆಳಬೀದಿಯವರೇ ಹೆಚ್ಚು. ಎಲ್ಲರ ಬಾಯಲ್ಲೂ ತಾರೀಖಪ್ಪನದೇ ಮಾತು. ಮಗನನ್ನು ಶಾಲೆಗೆ ಸೇರಿಸುವಾಗ ನಿಂತ ಕಾಲಲ್ಲಿ ಜನನಪತ್ರ ಬರೆದುಕೊಟ್ಟನೆಂದು ಒಬ್ಬ ಹೇಳಿದ. ಈಗ ಇವನದೇ ತಾರೀಖು ಯಾರು ನೆನಪಿಟ್ಟುಕೊಳ್ಳುತ್ತಾರೋ ಎಂದು ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಒಂದೊಂದು ಒಳ್ಳೆಯ ಮಾತಿಗೂ ಅವಳು ಇನ್ನಷ್ಟು ಕುಗ್ಗುತ್ತಿದ್ದಳು. ಇವರಲ್ಲಿ ಯಾರ ಮನೆಯ ಚೀಟಿ ಎಷ್ಟನೆಯ ಪುಟದಲ್ಲಿದೆಯೋ.

ಹನ್ನೊಂದೂವರೆಗೆ ಅಧಿಕಾರಿಗಳು ಹೂವಿನ ದೊಡ್ಡ ಚಕ್ರ ಹಿಡಿದು ಒಳಗೆ ಬಂದರು. ಜನ ದಾರಿ ಬಿಟ್ಟರು. ಅವರು ಬಾಗಿ ಚಕ್ರವನ್ನು ಶವದ ಎದೆಯ ಮೇಲಿಟ್ಟರು. ಅದು ಸಮನಾಗಿ ಕೂರದೆ ಪಕ್ಕಕ್ಕೆ ಜಾರಿತು. ಎತ್ತಿ ಮತ್ತೆ ಇಟ್ಟರು. ಮತ್ತೆ ಜಾರಿತು. ಅವರ ಕೈ ಹೊದಿಕೆಯ ಮೇಲೆ ಹಾಗೇ ನಿಂತಿತು.

ಅವಳು ಯೋಚಿಸುವುದಕ್ಕೂ ಮೊದಲೇ ಗಂಡನ ಎದೆಯ ಮೇಲೆ ಬಿದ್ದು ಹೊದಿಕೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಅಳತೊಡಗಿದಳು. ಅಳು ಶುರುವಾದದ್ದು ಹೆದರಿಕೆಗೆ. ನಡುವೆ ಎಲ್ಲೋ ಅದು ನಿಜವಾದ ಅಳುವಾಯಿತು. ಈ ಎದೆಯ ಮೇಲೆ ತಲೆಯಿಟ್ಟು ಮೂವತ್ತು ವರ್ಷ ಮಲಗಿದವಳಿಗೆ ಈಗ ಕೆನ್ನೆಗೆ ಒತ್ತುತ್ತಿದ್ದದ್ದು ಪುಸ್ತಕದ ರಟ್ಟು. ಅಧಿಕಾರಿಗಳು ಕೈ ತೆಗೆದು, ಹಿಂದೆ ಸರಿದು, ಹೊರಗೆ ಹೋದರು.

ಅವಳನ್ನು ಹಿಡಿದೆತ್ತಿದವಳು ಪಕ್ಕದ ಮನೆಯ ಇಸ್ತ್ರಿಯವಳು. ಒಳಕೋಣೆಗೆ ಕರೆದೊಯ್ದು ಗೋಡೆಗೆ ಒರಗಿಸಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಒಂದು ಮಾತು ಕೇಳ್ಬೇಕು ಅಂತ ಎರಡು ವರ್ಷದಿಂದ ಇತ್ತಕ್ಕ," ಎಂದಳು ಮೆಲ್ಲಗೆ. "ಇನ್ನು ಅಣ್ಣನ್ನ ಕೇಳೋ ಹಾಗಿಲ್ಲ. ಗಿಳಿ ಹೋದಾಗಿಂದ ಅವರು ನನ್ನ ಮುಖ ನೋಡಿ ಮಾತಾಡ್ಲಿಲ್ಲ. ದೋಷ ಇರೋ ಮಗು ಹೆತ್ತವಳು ಅಂತ ನಮ್ಮತ್ತೆ ಅಂದ ಹಾಗೆ, ಅವರೂ ಅಂದ್ಕೊಂಡ್ರಾ?"

ಅವಳು ಹೊರಳಿ ನಡುಮನೆಯ ಮಂಚದ ಕಡೆ ನೋಡಿದಳು.

"ಗಿಳಿ ಸಾವಿನ ಪತ್ರದಲ್ಲಿ ಬರೆದಿತ್ತಲ್ಲ, ಹುಟ್ಟಿನಿಂದ ಬಂದ ಹೃದಯದೋಷ ಅಂತ. ಈಗ ಮತ್ತೆ ನಂಗೆ ಮೂರು ತಿಂಗಳು. ಇದೂ ಹಾಗೇ ಆಗುತ್ತೆ, ತೆಗೆಸ್ಬಿಡು ಅಂತ ಮನೇಲೆಲ್ಲ ಕೂತಿದ್ದಾರೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ಬೇಕು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ಇನ್ನೊಂದು ಸಲ ಹೂತು ಬರೋ ಶಕ್ತಿ ನಂಗಿಲ್ಲ."

ನಡುಮನೆಯಿಂದ, ಹೊತ್ತಾಯಿತು, ಎತ್ತೋಣ ಎಂಬ ಮಾತು ಕೇಳಿಸಿತು. ನಾಲ್ಕು ಜನ ಮಂಚದ ಕಡೆ ಬರುವ ಸದ್ದಾಯಿತು.

ಕಿಟಕಿಯಾಚೆ ಕಾರು ಕಾಣುತ್ತಿತ್ತು, ಹಿಂದಿನ ಸೀಟಿನಲ್ಲಿ ಸಾಹೇಬರ ತಲೆ ಕಾಣುತ್ತಿತ್ತು. ಮಗನ ಏಳು ವರ್ಷ ಕಣ್ಣ ಮುಂದೆ ಬಂತು. ಗೋಡೆ ಹಿಡಿದು ಎದ್ದು ನಡುಮನೆಗೆ ಬಂದು, ತಡೆಯಿರಿ ಎಂದಳು. ಚಕ್ರವನ್ನು ಎತ್ತಿ ನೆಲಕ್ಕಿಟ್ಟಳು. ಹೊದಿಕೆ ಸರಿಸಿದಳು. ಸಾವಿರಾರು ಗುಂಡಿ ಹೊಲಿದ ಬೆರಳುಗಳಿಗೆ ಗಂಡನ ಅಂಗಿಯ ಎರಡು ಗುಂಡಿ ಬಿಚ್ಚಲು ಬರಲಿಲ್ಲ, ಎಳೆದು ಕಿತ್ತಳು.

ಮನೆ ನಂಬರು ನೋಡುತ್ತ ಪುಟ ಹುಡುಕಿ, ಹಿಂದೆಯೇ ಬಂದ ಇಸ್ತ್ರಿಯವಳ ಕೈಗೆ ಕೊಟ್ಟಳು.

ಇಸ್ತ್ರಿಯವಳು ಒಂದು ಕೈ ಅವಳ ತೋಳ ಮೇಲಿಟ್ಟುಕೊಂಡೇ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಹೆಣ್ಣು ಮಗು. ಆರು ವರ್ಷ. ವಾಂತಿಭೇದಿ. ಕುಡಿಯುವ ನೀರಿನ ಸೋಂಕು. ಬೇರೆ ಯಾವ ದೋಷವೂ ಇಲ್ಲ." ಮತ್ತೆ ಮೊದಲಿಂದ ಓದಿದಳು. ಕೊನೆಯ ಸಾಲನ್ನು ಮೂರನೆಯ ಸಲವೂ ಓದಿದಳು.

"ನಾವು ಕುದಿಸಿ ಕುಡೀತಿದ್ವಿ. ನಿಂಗೆ ಹೇಳ್ಲಿಲ್ಲ. ಹೆದರಿಕೆ ಆಯ್ತು," ಎಂದಳು ಅವಳು.

ಇಸ್ತ್ರಿಯವಳು ಅವಳನ್ನು ನೋಡಿದಳು. ಅವಳ ತೋಳ ಮೇಲಿದ್ದ ತನ್ನ ಕೈಯನ್ನು ತೆಗೆದುಕೊಂಡು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಪುಸ್ತಕ ಹಿಡಿದು ಬಾಗಿಲಿಗೆ ಬಂದು, ಬೀದಿಯಲ್ಲಿ ನಿಂತಿದ್ದವರಿಗೆ, ನಮ್ಮ ಗಿಳಿಗೆ ಯಾವ ದೋಷವೂ ಇರಲಿಲ್ಲವಂತೆ ಎಂದು ಹೇಳಿದಳು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಅದೇನು ಪುಸ್ತಕ, ಅದರಲ್ಲಿ ಇನ್ಯಾರದಿದೆ ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾರಿನ ಗಾಜು ಇಳಿಯಿತು. "ಅದು ಸರ್ಕಾರಿ ಕಾಗದ," ಎಂದರು ಅಧಿಕಾರಿಗಳು, ಶವವಾಹನದ ಪಕ್ಕದಲ್ಲಿದ್ದ ಮಗನಿಗೆ. "ತಗೊಂಡು ಬಾ ಇಲ್ಲಿ."

ಮಗ ಇಸ್ತ್ರಿಯವಳ ಹತ್ತಿರ ಹೋಗಿ ಕೈಯೊಡ್ಡಿದ. ಅವಳು ಕೊಡಲಿಲ್ಲ. ನೋಡಿ ಕೊಡ್ತೀನಿ ಎಂದು ಅವನು ಮೆಲ್ಲಗೆ ಹೇಳಿದ, ಆಮೇಲೆ ಕೊಟ್ಟಳು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗ ಕಾರಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ನಡೆಯುತ್ತಲೇ ಒಂದು ಪುಟ ತಿರುಗಿಸಿದ, ಇನ್ನೊಂದು ತಿರುಗಿಸಿದ. ನಿಂತುಬಿಟ್ಟ.

"ಇವರನ್ನೆಲ್ಲ ನಾನೇ ಹೊತ್ತುಕೊಂಡು ಹೋಗಿದ್ದು," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. "ಒಂದೇ ದಿನ ಐದು ಸಲ ಹೋಗಿದ್ದೆ."

ಹಿಂದಿರುಗಿ ಬಂದು ಶವವಾಹನದ ಹಿಂದಿನ ಮೆಟ್ಟಿಲು ಹತ್ತಿದ. ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದ. ಓದತೊಡಗಿದ. ಮೊದಲನೆ ಅಡ್ಡರಸ್ತೆ, ಮನೆ ನಂಬರು ಮೂರು, ಗಂಡಸು, ಅರವತ್ತೆರಡು ವರ್ಷ, ವಾಂತಿಭೇದಿ. ಗುಂಪಿನೊಳಗಿಂದ ಒಬ್ಬ, ನಮ್ಮಪ್ಪ, ಎಂದ. ಮೊದಲನೆ ಅಡ್ಡರಸ್ತೆ, ಮನೆ ನಂಬರು ಒಂಬತ್ತು, ಹೆಂಗಸು, ಮೂವತ್ತು ವರ್ಷ. ಮುದುಕಿಯೊಬ್ಬಳು ಮಾತಿಲ್ಲದೆ ಕೈಯೆತ್ತಿದಳು. ಒಳಗೆ ಗಂಡನ ದೇಹ ಗುಂಡಿ ಕಿತ್ತ ಅಂಗಿಯಲ್ಲಿ ಹಾಗೇ ಕಾಯುತ್ತಿತ್ತು. ಅವಳಿಗೆ ಹೆದರಿಕೆ ಹೋಗಿರಲಿಲ್ಲ. ಬುಧವಾರ ಏನಾಗುತ್ತದೋ, ನಾಳೆ ಯಾರು ಬಾಗಿಲು ಬಡಿಯುತ್ತಾರೋ ಎಂದು ಎಣಿಸುತ್ತಲೇ ಇದ್ದಳು.

ಅಧಿಕಾರಿಗಳು ಗಾಜು ಏರಿಸಿಕೊಂಡರು. ಮುಂದೆ ಬಾಗಿ ಡ್ರೈವರಿಗೆ ಏನೋ ಹೇಳಿದರು. ಕಾರಿನ ಎಂಜಿನು ಶುರುವಾಯಿತು. ಸ್ವಲ್ಪ ಹೊತ್ತು ಹಾಗೇ ಗುರುಗುಟ್ಟಿ, ನಿಂತಿತು. ಮುಂದಿನ ಬಾಗಿಲು ತೆರೆದು ಸಾಹೇಬರ ಡ್ರೈವರು ಇಳಿದ. ಕಾರಿನ ಕೀಲಿ ಅವನ ಕೈಯಲ್ಲೇ ಇತ್ತು. ಗುಂಪಿನ ಅಂಚಿಗೆ ಬಂದು, ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮುಂದಿದ್ದವನ ಭುಜ ಮುಟ್ಟಿ ಕೇಳಿದ:

"ನಾಲ್ಕನೇ ಅಡ್ಡರಸ್ತೆ ಬಂತಾ? ಮನೆ ನಂಬರು ಹದಿನೇಳು?"