ಕಾಲರಿನೊಳಗಿನ ಟ್ಯಾಗ್

ಟ್ಯಾಗ್ ಒಂದಕ್ಕೆ ಒಂದು ಜೊತೆ ಒಳ್ಳೆಯ ಗುಂಡಿಯಷ್ಟು ಬೆಲೆ. ಬಾಗಿಲಿಗೆ ಹಾಕುವ ಪೆಟ್ಟಿಗೆ ಮಾತ್ರ ಹೊಸ ಹೊಲಿಗೆ ಯಂತ್ರದಷ್ಟು ದುಬಾರಿ; ತಮ್ಮ ಅದನ್ನು ಅರ್ಧ ಬೆಲೆಗೆ ಎಲ್ಲೋ ಹಳೆಯದು ಹುಡುಕಿ ತಂದ. ಬಟ್ಟೆ ಅಂಗಡಿಗಳಿಗೆ ಕಳ್ಳತನ ತಡೆಯುವ ಯಂತ್ರ ಕೂರಿಸುವುದೇ ಅವನ ಕಸುಬು. ಅಪ್ಪನನ್ನು ನೋಡಿಕೊಳ್ಳಲು ಆಳು ಇಡುವುದಕ್ಕಿಂತ ಇದೇ ಅಗ್ಗ ಎಂದು ಅಕ್ಕನೂ ಒಪ್ಪಿದಳು.

“ಅಂಗಿ ಕದಿಯೋರನ್ನ ಹಿಡಿಯೋ ಪೆಟ್ಟಿಗೆ ಅಪ್ಪನ್ನ ಹಿಡಿಯುತ್ತೇನೋ?”

“ಅಂಗಿ ಒಳಗೆ ಯಾರಿದ್ದಾರೆ ಅಂತ ಅದಕ್ಕೇನು ಗೊತ್ತಕ್ಕ? ಟ್ಯಾಗ್ ಇರೋ ಅಂಗಿ ಬಾಗಿಲು ದಾಟಿದ್ರೆ ಕೂಗುತ್ತೆ. ಒಳಗೋ ಹೊರಗೋ ಅಂತ ಫೋನಲ್ಲೂ ತೋರಿಸುತ್ತೆ. ನೀನು ಆರಾಮಾಗಿರು.”

ಅಪ್ಪ ಒಂದು ಕಾಲದಲ್ಲಿ ದೊಡ್ಡ ಟೈಲರ್, ಬೀದಿಗೆಲ್ಲ ಮಾಸ್ಟರ್. ಈಗ ಮಗಳ ಹೆಸರೂ ನೆನಪಿಗೆ ಬಾರದು. ಕಾಲಿಗೆ ಮಾತ್ರ ಬಾಗಿಲಿನ ದಾರಿ ಮರೆತಿರಲಿಲ್ಲ. ಅವರ ಹೊಲಿಗೆ ಯಂತ್ರದ ಮುಂದೆ ಈಗ ಕೂರುವವಳು ಆ ಮಗಳೇ. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಹತ್ತು ಸಲ ಹಿಂತಿರುಗಿ ನೋಡಬೇಕು. ಹೊಲಿಗೆ ಸೊಟ್ಟಗಾಗುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು.

ಜೇಬಿನಲ್ಲಿಟ್ಟ ಟ್ಯಾಗನ್ನು ಅಪ್ಪ ಕಿತ್ತು ಬಿಸಾಡಿದರು. ಹಾಗಾಗಿ ಪ್ರತಿ ಅಂಗಿಯ ಕಾಲರ್ ಬಿಚ್ಚಿ, ಒಳಗಿನ ಗಟ್ಟಿ ಬಕ್ರಂ ಬಟ್ಟೆಗೆ ಅದನ್ನು ಒತ್ತಿ ಕೂರಿಸಿ, ಮತ್ತೆ ಹೊಲಿದಳು. ಕೈತುಂಬ ಕೆಲಸವಿದ್ದ ದಿನಗಳು. ಹೊಲಿಗೆಯ ಅಂದ ನೋಡಲು ಪುರಸೊತ್ತಿರಲಿಲ್ಲ. ಪೆಟ್ಟಿಗೆ ಹೇಳಿದ ಕೆಲಸ ಮಾಡಿತು. ಅಪ್ಪ ಹೊಸ್ತಿಲು ದಾಟಿದರೆ ಕೂಗುತ್ತಿತ್ತು, ಅವಳು ಎದ್ದು ಕೈಹಿಡಿದು ಕರೆತರುತ್ತಿದ್ದಳು. ಅದು ಸುಮ್ಮನಿದ್ದಷ್ಟು ಹೊತ್ತು ತಲೆ ಎತ್ತದೆ ಹೊಲಿಯುತ್ತಿದ್ದಳು. ಬಹಳ ದಿನಗಳ ಮೇಲೆ ಅವಳ ಬೆನ್ನಿಗೆ ಕಣ್ಣು ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ ಅಪ್ಪನ ಕೋಣೆ ಖಾಲಿ. ಫೋನ್ ನೋಡಿದಳು: ಒಳಗೆ. ಬಚ್ಚಲು ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಬಟ್ಟೆಯ ಗಂಟುಗಳನ್ನು ಸರಿಸಿದಳು. ಮತ್ತೆ ಫೋನ್: ಒಳಗೆ. ಅದನ್ನು ನಂಬಿ ಮನೆಯನ್ನೆಲ್ಲ ಎರಡನೇ ಸಲ ಜಾಲಾಡಿದಳು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ, ದಾರದ ಚೂರುಗಳ ನಡುವೆ ಟ್ಯಾಗುಗಳು ಕಂಡವು. ಎಲ್ಲವೂ ಅಲ್ಲೇ ಇದ್ದವು.

ಚಪ್ಪಲಿ ಮೆಟ್ಟದೆ ಓಡಿದಳು.

ದೊಡ್ಡ ರಸ್ತೆಯಾಚೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅಪ್ಪ ಕೂತಿದ್ದರು, ಪಕ್ಕದ ಅಪರಿಚಿತನ ಕೋಟಿನ ಭುಜ ಸವರುತ್ತ.

“ಯಾರಪ್ಪ ಹೊಲಿದದ್ದು ಇದನ್ನ? ದುಡ್ಡು ವಾಪಸ್ ಇಸ್ಕೋ.”

ಆ ಮನುಷ್ಯ ಅವಳನ್ನು ನೋಡಿ ನಕ್ಕ. “ನಿಮ್ಮೋರಾ? ರಸ್ತೆ ದಾಟುವಾಗ ಲಾರಿ ಕೂದಲೆಳೆಯಲ್ಲಿ ತಪ್ಪಿತು. ನಾನೇ ಎಳೆದು ಕೂರಿಸಿದೆ. ಆಗಿನಿಂದ ಬೈಸಿಕೊಳ್ತಿದ್ದೀನಿ.”

ಅವಳು ಬೆಂಚಿನ ತುದಿಯಲ್ಲಿ ಕೂತು ಅಪ್ಪನ ಕಾಲರ್ ಮುಟ್ಟಿದಳು. ಬಿಚ್ಚಿದ ಗುರುತೇ ಇಲ್ಲ.

“ಅಪ್ಪ, ಇದನ್ನ ನೀವು ಬಿಚ್ಚಿದ್ರಾ?”

“ಒಳಗೇನೋ ಚುಚ್ಚುತ್ತಿತ್ತು. ಯಾರೋ ಕಲಿಯೋ ಹುಡುಗಿ ಹೊಲಿದಿರಬೇಕು. ಎಲ್ಲ ಸರಿ ಮಾಡಿದ್ದೀನಿ.” ದನಿ ತಗ್ಗಿಸಿ ಸೇರಿಸಿದರು: “ಅವಳಿಗೆ ಬೈಬೇಡಮ್ಮ. ಸುಸ್ತಾಗಿರ್ತಾಳೆ.”

ಸಂಜೆ ತಮ್ಮ ಬಂದ. “ಬಳೆ ಥರದ್ದು ಬರುತ್ತಕ್ಕ, ಕೈಗೆ ಹಾಕೋಣ.”

“ಹಾಕು. ಕತ್ತರಿ ಹಿಡಿದು ಪಳಗಿದ ಕೈ ಅದು, ಎಷ್ಟು ದಿನ ಇಟ್ಕೊಳ್ಳುತ್ತೋ ನೋಡೋಣ.”

ಅವಳು ಹೊಲಿಗೆ ಯಂತ್ರವನ್ನು ಎಳೆದು, ಕೂತಾಗ ತನ್ನ ಮುಖ ಅಪ್ಪನ ಕೋಣೆಯ ಕಡೆಗೆ ಬರುವಂತೆ ತಿರುಗಿಸಿದಳು. ಹಾಗೆ ಕೂತರೆ ಕಿಟಕಿಯ ಬೆಳಕು ಹೊಲಿಗೆಯ ಮೇಲೆ ಬೀಳುವುದಿಲ್ಲ. ಇನ್ನು ಮೇಲೆ ಕೆಲಸ ನಿಧಾನ, ಗಿರಾಕಿಯೂ ಕಡಿಮೆ. ಅಪ್ಪ ಉಳಿದರು. ತಲೆ ಎತ್ತದೆ ಹೊಲಿಯುತ್ತಿದ್ದ ಆ ಕೆಲವು ವಾರಗಳ ನೆಮ್ಮದಿ ಹೋಯಿತು.