ರಾಕ್ಷಸನ ಅಂಗಿಯ ಅಳತೆ

ಗುಬ್ಬಿಯ ಎಡಗಡೆಯ ಜಡೆ ಮುಗಿದಿತ್ತು. ಅಮ್ಮ ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿದ್ದಳಷ್ಟೆ, ಯಾರೋ ಬಾಗಿಲು ತಟ್ಟಿದರು.

"ಅಲ್ಲಾಡ್ಬೇಡ, ಹಾಗೇ ಹಿಡ್ಕೊಂಡಿರು," ಎಂದು ಕೂದಲನ್ನು ಮಗಳ ಕೈಗೇ ಕೊಟ್ಟು ಅಮ್ಮ ಎದ್ದಳು.

ಹೊರಗೆ ನಿಂತಿದ್ದವರು ವ್ಯಸನಮುಕ್ತಿ ಕೇಂದ್ರದ ವಾರ್ಡನ್. ಅವರ ಬೆನ್ನ ಹಿಂದೆ, ಹೆಗಲಿಗೆ ಚೀಲ ಹಾಕಿಕೊಂಡು, ತನ್ನ ಚಪ್ಪಲಿಯನ್ನೇ ನೋಡುತ್ತ ಅವಳ ಮಗ ನಿಂತಿದ್ದ. ಅವನು ಬರುವ ಕಾಲ ಇನ್ನೂ ಆಗಿರಲಿಲ್ಲ.

ಅವಳ ಮುಖ ನೋಡಿಯೇ ವಾರ್ಡನ್ ಕೈಯಾಡಿಸಿದರು. "ಇವನು ಏನೂ ತಪ್ಪು ಮಾಡಿಲ್ಲಮ್ಮ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದ. ಆದ್ರೆ ಕೇಂದ್ರಾನೇ ಮುಚ್ತಾ ಇದೀವಿ. ಈ ವರ್ಷ ಅನುದಾನ ಇಲ್ವಂತೆ. ಮುಂದಿನ ವರ್ಷದ ಯೋಜನೇಲಿ ನೋಡೋಣ ಅಂದಿದಾರೆ."

"ಅರ್ಧಕ್ಕೇ?"

"ಅರ್ಧಕ್ಕೇ. ಎಲ್ಲರನ್ನೂ ಮನೆಮನೆಗೆ ಬಿಟ್ಟು ಬರ್ತಾ ಇದೀನಿ. ಮನೆ ಸೇರಿಸದೇ ಇರೋರೂ ಇದಾರೆ, ಅವರನ್ನ ಏನು ಮಾಡ್ಲಿ ಹೇಳಿ." ಅವರು ದನಿ ತಗ್ಗಿಸಿದರು. "ಇವನನ್ನ ಒಬ್ಬನೇ ಬಿಡ್ಬೇಡಿ. ದೂರದಲ್ಲಿ ಇನ್ನೊಂದು ಕೇಂದ್ರ ಇದೆ, ಕಾಯೋರು ಬಹಳ. ನಮಗೆ ಅನುದಾನ ಕೊಡೋ ಇಲಾಖೆಯವರು ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಹಾಸಿಗೆ ಸಿಕ್ಕೀತು. ಬೇಗ ನೋಡಿ ಅಮ್ಮ. ಇವನಿಗೆ ಮನಸ್ಸಿದೆ, ಮೈ ಇನ್ನೂ ಮಾತು ಕೇಳ್ತಿಲ್ಲ."

ಮಗ ಒಳಗೆ ಬಂದ. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು ಹಿಡಿದು ಕೂತಿದ್ದ ಗುಬ್ಬಿ ಕಣ್ಣರಳಿಸಿದಳು.

"ಅಣ್ಣಾ! ಪ್ರೆಸ್ಸಿಗೆ ರಜವಾ?"

ಅಣ್ಣ ದೂರದ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಹೋಗಿದ್ದಾನೆ ಎಂದು ಅಮ್ಮ ಅವಳಿಗೂ ಬೀದಿಯವರಿಗೂ ಹೇಳಿಟ್ಟಿದ್ದಳು. ಮಗ ಅಮ್ಮನ ಮುಖ ನೋಡಿದ. ಅಮ್ಮ ನೆಲ ನೋಡಿದಳು.

"ಹೂಂ ಗುಬ್ಬಿ. ಮಿಷಿನ್ ಕೆಟ್ಟೋಗಿದೆ," ಎಂದ ಅವನು. "ರಿಪೇರಿ ಆಗೋವರೆಗೂ ರಜ."

ಚೀಲ ಇಡಲು ಜಾಗ ಹುಡುಕುತ್ತ ಅವನ ಕಣ್ಣು ಹೊಲಿಗೆ ಯಂತ್ರದ ಮೇಲೆ ಹೋಯಿತು. ಗಂಡ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದುದು ಆ ಯಂತ್ರವೇ. ಶಾಲೆಯ ಸಮವಸ್ತ್ರಗಳನ್ನೆಲ್ಲ ಅಮ್ಮನೇ ಹೊಲಿಯುತ್ತಿದ್ದಳು. ಈಗ ಅದರ ಮೇಲೆ ಕರಿ ಬಟ್ಟೆ ಹರಡಿತ್ತು. ಅಂಗಿಯ ಎದೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿದ ತಲೆಬುರುಡೆ, ಪಕ್ಕದಲ್ಲಿ ಹತ್ತಿ ತುಂಬಿದ ಎರಡು ಕೊಂಬು.

"ನಮ್ಮ ನಾಟಕದ್ದು!" ಗುಬ್ಬಿ ಕುಣಿದಳು. "ಇಲಾಖೆಯವರು ಮಾಡಿಸ್ತಾ ಇದಾರೆ. ಇದು ಮಾದಕ ರಾಕ್ಷಸ. ನಾವೆಲ್ಲ ಕೋಲು ಹಿಡ್ಕೊಂಡು ಅವನನ್ನ ಓಡಿಸ್ತೀವಿ. ಮುಂದೆ ಇರೋಳು ನಾನೇ!"

ಅವನು ಅಂಗಿಯನ್ನು ಎತ್ತಿ ತನ್ನ ಭುಜಕ್ಕೆ ಹಿಡಿದು ನೋಡಿದ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂತು.

"ಅಳತೆ ನಂದೇ ಇದ್ದ ಹಾಗಿದೆಯಲ್ಲಮ್ಮ?" ಎಂದು ನಕ್ಕ.

ಅವನು ತಮಾಷೆಗೆ ಅಂದದ್ದು. ಅಮ್ಮ ಅಂಗಿಯನ್ನು ಅವನ ಕೈಯಿಂದ ತೆಗೆದು ಮಡಿಸಿದಳು. ರಾಕ್ಷಸ ಯಾರಾಗುತ್ತಾರೋ ಗೊತ್ತಿಲ್ಲ, ದೊಡ್ಡವರ ಅಳತೆಗೆ ಹೊಲಿಯಿರಿ ಎಂದಿದ್ದರು ಇಲಾಖೆಯ ಅಧಿಕಾರಿ. ಮನೆಯಲ್ಲಿ ಇದ್ದ ಗಂಡಸಿನ ಅಂಗಿ ಎಂದರೆ ಮಗನದೊಂದೇ. ಅದನ್ನೇ ಬಟ್ಟೆಯ ಮೇಲೆ ಹಾಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿದ್ದಳು. ಆಗ ಏನೂ ಅನ್ನಿಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ಅಂಚು ಮಡಿಸಿಕೊಟ್ಟ, ಗುಂಡಿ ಹೊಲಿಯಲು ಕೂತ. ಕೈ ಎಷ್ಟು ನಡುಗುತ್ತಿತ್ತೆಂದರೆ ಸೂಜಿಗೆ ದಾರ ಪೋಣಿಸಲು ಗುಬ್ಬಿಯನ್ನೇ ಕರೆಯಬೇಕಿತ್ತು. ಒಮ್ಮೊಮ್ಮೆ ಮೈಯೆಲ್ಲ ಬೆವೆತು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದ. ಅಮ್ಮ ಒದ್ದೆ ಬಟ್ಟೆಯಲ್ಲಿ ಅವನ ಕತ್ತು ಒರೆಸುತ್ತಿದ್ದಳು, ಚಿಕ್ಕವನಿದ್ದಾಗ ಜ್ವರ ಬಂದರೆ ಒರೆಸುತ್ತಿದ್ದ ಹಾಗೆ.

ಎದುರುಮನೆಯ ಇಸ್ತ್ರಿಯವಳು ಕಿಟಕಿಯಿಂದ ಇಣುಕಿದಳು. "ಏನಕ್ಕಾ, ಮಗ ಆಗಲೇ ಮ್ಯಾನೇಜರ್ ಆಗ್ಬಿಟ್ನಾ? ಮನೇಲೇ ಕೂತಿದಾನೆ?"

"ನಿನ್ನ ಇಸ್ತ್ರಿಪೆಟ್ಟಿಗೆ ಆರೋದ್ರೊಳಗೆ ಆಗ್ತಾನೆ, ಹೋಗು ನೋಡ್ಕೋ, ಯಾರದೋ ಅಂಗಿ ಸೀದ ವಾಸನೆ ಬರ್ತಿದೆ," ಎಂದಳು ಅಮ್ಮ. ಮಗ ಮನಸಾರೆ ನಕ್ಕ. ಆ ನಗು ಕೇಳಿ ಅವಳ ಹೊಟ್ಟೆ ತಣ್ಣಗಾಯಿತು.

ಗುಬ್ಬಿ ಮಾತ್ರ ಇಬ್ಬರನ್ನೂ ನೋಡುತ್ತ ಕೂತಿರುತ್ತಿದ್ದಳು. "ಅಮ್ಮಾ, ಒಂದು ಕೇಳ್ಲಾ? ನಾಟಕದಲ್ಲಿ ನಾವು ರಾಕ್ಷಸನ್ನ ಓಡಿಸ್ತೀವಲ್ಲ..."

"ಆಮೇಲೆ ಕೇಳು ಕಂದಾ, ಸೂಜಿ ಕೈಗೆ ಚುಚ್ಚುತ್ತೆ," ಎನ್ನುತ್ತಿದ್ದಳು ಅಮ್ಮ. ಇನ್ನೊಮ್ಮೆ ಕೇಳಿದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಅಂಗಿ ಒಯ್ಯಲು ಅಧಿಕಾರಿ ತಾವೇ ಬಂದರು. ಬಿಸಿಲಲ್ಲಿ ಅಲೆದು ಸೋತ ಮುಖ. ಒಳಕೋಣೆಯ ಪರದೆಯ ಹಿಂದೆ ಮಗ ಮಲಗಿದ್ದ. ಅಮ್ಮ ಚಹಾ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಧೈರ್ಯ ತಂದುಕೊಂಡಳು.

"ಸಾರ್, ಆ ದೂರದ ಕೇಂದ್ರದಲ್ಲಿ ಒಂದು ಹಾಸಿಗೆ ಬೇಕಿತ್ತು."

"ಯಾರಿಗಮ್ಮ?"

ಗುಬ್ಬಿ ಕೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಕಿಟಕಿಯಾಚೆ ಇಸ್ತ್ರಿಯವಳ ಕೈ ನಿಂತಿತ್ತು.

"ಗೊತ್ತಿರೋರ ಮಗ," ಎಂದಳು ಅಮ್ಮ.

ಅಧಿಕಾರಿ ಲೋಟ ಕೆಳಗಿಟ್ಟರು. "ನಾನು ಹಾಸಿಗೆಗೇ ದುಡ್ಡು ಕೇಳಿದ್ದೆನಮ್ಮ. ಬಿದ್ದೋರನ್ನ ಎತ್ತುತ್ತಾ ಕೂತ್ರೆ ಮುಗಿಯಲ್ಲ, ಬೀಳೋರನ್ನ ಮೊದಲು ತಡೀರಿ ಅಂದ್ರು ಮೇಲಿನೋರು. ಅದೂ ಸುಳ್ಳಲ್ಲ. ಹಾಗಾಗಿ ಎಲ್ಲಾ ಜಾಗೃತಿಗೆ ಬಂತು. ಮೆರವಣಿಗೆ, ಬ್ಯಾನರು, ಈ ಅಂಗಿ. ವರ್ಷ ಮುಗಿಯೋದ್ರೊಳಗೆ ಖರ್ಚಾಗದಿದ್ರೆ ವಾಪಸ್ ಹೋಗುತ್ತೆ. ಇಲ್ಲಿಂದ ಒಂದು ಬಿಡಿಗಾಸು ತೆಗೆದು ಅಲ್ಲಿ ಹಾಕೋಕೆ ನಂಗೆ ಅಧಿಕಾರ ಇಲ್ಲ." ಎದ್ದು ನಿಂತು, ಸ್ವಲ್ಪ ಯೋಚಿಸಿ ಹೇಳಿದರು: "ಆ ಹುಡುಗನ ತಾಯೀನೇ ಕಚೇರಿಗೆ ಬರೋಕೆ ಹೇಳಿ. ತಾಯಿ ಬಂದು ಕೂತ್ರೆ ಫೋನಾದ್ರೂ ಮಾಡಿ ನೋಡ್ತೀನಿ."

"ಹೇಳ್ತೀನಿ ಸಾರ್," ಎಂದಳು ಅವಳು.

ಅವರು ಹೋದ ಮೇಲೆ ಪರದೆ ಸರಿಸಿದಳು. ಮಗ ಗೋಡೆಯ ಕಡೆ ತಿರುಗಿ ಮಲಗಿದ್ದ. "ನಾಟಕ ಮುಗೀಲಿ ಕಣೋ. ಮಾರನೇ ದಿನವೇ ನಾನು ಕಚೇರಿಗೆ ಹೋಗ್ತೀನಿ," ಎಂದಳು. "ಸರಿ ಅಮ್ಮ," ಎಂದ ಅವನು, ಬೇರೆ ಯಾರದೋ ಮನೆಯಲ್ಲಿ ಮಾತಾಡುವವನ ಹಾಗೆ.

ನಾಟಕದ ದಿನ ಮುಖ್ಯರಸ್ತೆಯಲ್ಲಿ ಜನವೋ ಜನ. ಗುಬ್ಬಿಯ ನಾಟಕ ನೋಡಲು ಅವನೂ ಬಂದಿದ್ದ. ಹಿಂದೆ, ಅಂಗಡಿಯ ಮೆಟ್ಟಿಲ ಬಳಿ ನಿಂತ. ರಾಕ್ಷಸನಾಗಿ ಬಂದವರು ಡ್ರಿಲ್ ಮೇಷ್ಟ್ರು. ಅಂಗಿ ಅವರ ಹೊಟ್ಟೆಗೆ ಸಾಲದೆ ಗುಂಡಿಗಳೆಲ್ಲ ಬಾಯಿಬಿಟ್ಟಿದ್ದವು. "ರಾಕ್ಷಸ ಊಟ ಮಾಡ್ಕೊಂಡೇ ಬಂದಿದಾನೆ!" ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದು ನಕ್ಕರು. ಅಮ್ಮನಿಗೆ ನಗು ಬರಲಿಲ್ಲ. ಆ ಅಂಗಿ ಯಾರ ಮೈಗೆ ಒಪ್ಪುತ್ತದೆಂದು ಅವಳೊಬ್ಬಳಿಗೇ ಗೊತ್ತಿತ್ತು. ಇಲ್ಲ, ಇನ್ನೊಬ್ಬನಿಗೂ ಗೊತ್ತಿತ್ತು.

"ಓಡಿಸಿ, ಓಡಿಸಿ! ಊರಿಂದಾಚೆ ಓಡಿಸಿ!"

ಮಕ್ಕಳ ಜೊತೆ ಇಡೀ ಬೀದಿ ಕೂಗಿತು. ರಟ್ಟಿನ ಕೋಲು ಎತ್ತಿಕೊಂಡು ಮುಂದೆ ಓಡಿ ಬಂದ ಗುಬ್ಬಿ ತಟ್ಟನೆ ನಿಂತಳು. ಉಳಿದ ಮಕ್ಕಳು ಅವಳನ್ನು ದಾಟಿ ರಾಕ್ಷಸನ ಮೇಲೆ ಬಿದ್ದರು. ಅವಳು ಜನರ ತಲೆಗಳಾಚೆ ಎಲ್ಲೋ ನೋಡುತ್ತಿದ್ದಳು. ಅಮ್ಮ ತಿರುಗಿ ನೋಡಿದಳು. ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ದೂರದ ತಿರುವಿನಲ್ಲಿ, ಭುಜ ಬಾಗಿಸಿಕೊಂಡು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಅವನು ನಡೆದು ಹೋಗುತ್ತಿದ್ದ. ಅವಳು ಕೂಗಿದ್ದು ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಜನರನ್ನು ತಳ್ಳಿಕೊಂಡು ತಿರುವಿಗೆ ಬರುವಷ್ಟರಲ್ಲಿ ಬೀದಿ ಬರಿದಾಗಿತ್ತು.

ಗುಬ್ಬಿಯನ್ನು ಕರೆದುಕೊಂಡು ಮನೆಗೆ ಬರುವಷ್ಟರಲ್ಲಿ ಅವನ ಚೀಲ ಇರಲಿಲ್ಲ. ಹಾಸಿಗೆಯನ್ನು ಮಡಿಸಿ, ಮೇಲೆ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದ, ಕೇಂದ್ರದಲ್ಲಿ ಕಲಿಸಿದ ಹಾಗೆ. ಅವಳು ಬಸ್ ನಿಲ್ದಾಣಕ್ಕೆ ಓಡಿದಳು, ಸೇತುವೆಯ ಕೆಳಗೆ ಹುಡುಕಿದಳು, ಅವನ ಹಳೆಯ ಗೆಳೆಯರ ಬಾಗಿಲು ತಟ್ಟಿದಳು. ಕಚೇರಿಗೂ ಹೋದಳು. ಬಾಗಿಲಿಗೆ ಬೀಗ, ಎಲ್ಲರೂ ಮೆರವಣಿಗೆಗೆ ಹೋಗಿದ್ದಾರೆ ಎಂದ ಕಾವಲುಗಾರ.

ಸಂಜೆ ಗುಬ್ಬಿಯನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚತೊಡಗಿದಳು. ಕೈಗೆ ಬೇರೆ ಏನು ಕೆಲಸ ಕೊಡಬೇಕೋ ತಿಳಿಯಲಿಲ್ಲ. ಗುಬ್ಬಿಯ ಮಡಿಲಲ್ಲಿ ರಟ್ಟಿನ ಕೋಲು ಇನ್ನೂ ಇತ್ತು.

"ಅಮ್ಮಾ, ಈಗ ಕೇಳ್ಲಾ?"

ಈ ಸಲ ಅಮ್ಮನ ಕೈಯಲ್ಲಿ ಸೂಜಿ ಇರಲಿಲ್ಲ, ಒಲೆಯ ಮೇಲೆ ಹಾಲೂ ಇರಲಿಲ್ಲ.

"ಕೇಳು ಕಂದಾ."

ಗುಬ್ಬಿ ತಿರುಗಿ ಅವಳ ಮುಖ ನೋಡಿದಳು.

"ಎಲ್ಲರೂ ಸೇರಿ ಓಡಿಸಿದ್ಮೇಲೆ, ಅಣ್ಣ ಎಲ್ಲಿಗೆ ಹೋಗ್ಬೇಕಮ್ಮಾ?"